ಸೊಸಿ ಹೆಸರು ಯಾರ ಚಾಯ್ಸ್?

ಇಂಗ್ಲಿಷ್ ಕಲಿಯೋ ನಮ್ಮ ಹುಡಗ್ಯಾರಿಗಿ ಜಪಾನದ ರಾಜಕೀಯ ಸುದ್ದಿ ಛಲೋ ಪಾಠ ನೋಡ್ರಿ. ಸರ್‌ನೇಮ್, ಕಂಪಲ್ಸರಿ, ಚಾಯ್ಸ್: ಮೂರೂ ಶಬ್ದ ಒಂದೇ ಜಗಳದಾಗ ಸಿಗ್ತಾವ. ಅಲ್ಲಿ ಗಂಡ-ಹೆಂಡ್ತಿಗಿ ಒಂದೇ ಸರ್‌ನೇಮ್ ಕಂಪಲ್ಸರಿ, ಸಿವಿಲ್ ಕೋಡಿನ 750ನೇ ಕಲಮ್. ಯಾರದಾದ್ರೂ ಇಟ್ಕೋಬಹುದು, ಆದ್ರ ಬದಲಿ ಮಾಡೋರು ಹೆಚ್ಚಾಗಿ ಹೆಣ್ಣಮಕ್ಕಳೇ. 2015ರಾಗ, ಮತ್ತ 2021ರಾಗ ಸುಪ್ರೀಂ ಕೋರ್ಟೂ ಆ ಕಾನೂನು ಸಂವಿಧಾನಕ್ಕ ವಿರುದ್ಧ ಇಲ್ಲ ಅಂತು.

ನಮ್ಮಲ್ಲಿ ಅಂಥ ಕಾನೂನೇ ಇಲ್ಲ. ಆದ್ರೂ ಬೀದರ, ಭಾಲ್ಕಿ ಕಡಿ ಎಷ್ಟೋ ಮನ್ಯಾಗ ಅಕ್ಕಿಕಾಳ ಬಿದ್ದ ಕೂಡ್ಲೇ ಸೊಸಿ ಹೆಸರೇ ಬದಲಿ. ಮುಂದ ಮಾರ್ಕ್ಸ್ ಕಾರ್ಡಿನ್ಯಾಗ ಒಂದು, ಆಧಾರದಾಗ ಒಂದು. ಅಫಿಡವಿಟ್ ಹಿಡಕೊಂಡು ತಿರುಗೋದು ಆಕೀನೇ. ಅಕ್ಕಾ, ವೈನಿ, ಹೊಸ ಹೆಸರು ಇಡೋ ಮೊದಲ ಆಕೀಗಿ ಒಂದು ಮಾತು ಕೇಳ್ರಿ: ನಿನ್ನ ಚಾಯ್ಸ್ ಏನವ್ವಾ?