ಡಿಸಿಗೆ ವರ್ಗಾವಣೆ ಸಾಕಿತ್ತು, ಸಾವು ಬೇಕಿರಲಿಲ್ಲ

ಮಗನ ಲಗ್ನಪತ್ರಿಕೆಗಳನ್ನು ಚೀಲಕ್ಕೆ ತುಂಬಿಕೊಂಡು 2024ರ ವರ್ಷಾಂತ್ಯದ ಹೊತ್ತಿಗೆ ಒಂದು ವಾರ ವಿಜಯಪುರ ಜಿಲ್ಲೆಯನ್ನು ಸುತ್ತಿದೆ. ಇಂಡಿಯಲ್ಲಿ ಅಕ್ಕ, ಸಿಂದಗಿಯಲ್ಲಿ ದೊಡ್ಡವ್ವ, ಬಸವನ ಬಾಗೇವಾಡಿಯಲ್ಲಿ ಕಾಲೇಜು ದಿನಗಳ ಗೆಳೆಯ, ಮುದ್ದೇಬಿಹಾಳದಲ್ಲಿ ಕಾಕಾನ ಮಗ. ನಮ್ಮ ಕಡೆ ಪತ್ರಿಕೆಯನ್ನು ಅಂಚೆಗೆ ಹಾಕಿದರೆ ಕರೆದಂತಾಗುವುದಿಲ್ಲ. ಮನೆಯವರೆಗೆ ಹೋಗಿ, ಕುಂಕುಮ ಹಚ್ಚಿದ ಪತ್ರಿಕೆಯನ್ನು ಕೈಗಿತ್ತು, ಒಂದು ಹೊತ್ತು ಉಂಡೇ ಬರಬೇಕು. ಹೀಗಾಗಿ ನಾಲ್ಕು ಸಂಜೆ ನಾಲ್ಕು ಊರುಗಳ ನಾಲ್ಕು ಪಡಸಾಲೆಗಳಲ್ಲಿ ಕುಳಿತೆ. ನಾಲ್ಕರಲ್ಲಿಯೂ ಮಾತು ಮದುವೆಯಿಂದ ಆರಂಭವಾಗಿ ಒಂದು ಸಾವಿಗೆ ಬಂದು ನಿಲ್ಲುತ್ತಿತ್ತು. ಪುಟ್ಟಕ್ಕನ ಮಗಳು ಸ್ನೇಹಾ ಸತ್ತಿದ್ದಳು.

ಜೀ ಕನ್ನಡ ವಾಹಿನಿಯಲ್ಲಿ 2021ರ ಡಿಸೆಂಬರ್‌ನಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಲ್ಲದವರಿಗಾಗಿ ಎರಡು ಮಾತು. ಮೂರೂ ಹೆಣ್ಣನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಪುಟ್ಟಕ್ಕ, ಮೆಸ್ ನಡೆಸಿ ಆ ಮೂವರನ್ನೂ ಬೆಳೆಸುತ್ತಾಳೆ. ನಡುವಿನ ಮಗಳು ಸ್ನೇಹಾ. ಅನ್ಯಾಯ ಕಂಡಲ್ಲಿ ಎದುರು ನಿಲ್ಲುವ, ಓದಿ ಅಧಿಕಾರಿಯಾಗಬೇಕೆಂದು ಹಟ ಹಿಡಿದ ಹುಡುಗಿ. ಬಡ್ಡಿ ಬಂಗಾರಮ್ಮನ ಮಗ ಕಂಠಿಯ ಕೈಹಿಡಿದ ಮೇಲೂ ಆ ಹಟವನ್ನು ಬಿಡದೆ ಕೊನೆಗೂ ಜಿಲ್ಲಾಧಿಕಾರಿಯಾದವಳು. ಆ ಪಾತ್ರವನ್ನು ನಿರ್ವಹಿಸುತ್ತಿದ್ದ ಸಂಜನಾ ಬುರ್ಲಿ ಧಾರಾವಾಹಿಯಿಂದ ಹೊರನಡೆದರು. ಅವರೊಂದಿಗೆ ಪಾತ್ರವನ್ನೂ ಸಾಯಿಸಲಾಯಿತು. ಸತ್ತವಳ ಹೃದಯವನ್ನು ಸ್ನೇಹಾ ಎಂಬ ಅದೇ ಹೆಸರಿನ ಇನ್ನೊಬ್ಬ ಯುವತಿಗೆ ಕಸಿ ಮಾಡಿ ಕಥೆಯನ್ನು ಮುಂದುವರಿಸಲಾಯಿತು.

ನಾನೂ ಈ ಧಾರಾವಾಹಿಯ ಅಭಿಮಾನಿ. ಹೀಗೆ ಒಪ್ಪಿಕೊಳ್ಳಲು ನಮ್ಮಂಥ ಓದಿದವರಿಗೆ ಸಂಕೋಚ. ಮನೆಯವರು ನೋಡುತ್ತಿದ್ದರು, ನಾನು ಪತ್ರಿಕೆ ಓದುತ್ತಾ ಅಲ್ಲೇ ಕುಳಿತಿದ್ದೆ ಎಂಬುದು ನಮ್ಮ ರೂಢಿಯ ಸಬೂಬು. ಆದರೆ ಪತ್ರಿಕೆಯ ಅದೇ ಪುಟವನ್ನು ಮೂರು ವರ್ಷಗಳಿಂದ ಓದುತ್ತಿರುವುದು ಹೆಂಡತಿಯ ಗಮನಕ್ಕೆ ಬಂದಿದೆ! ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಧಾರಾವಾಹಿಗಳನ್ನು ದೂರದಿಂದ ಹಳಿಯುವವನ ಮಾತಲ್ಲ, ಮೋಸ ಹೋದೆನೆಂದು ಭಾವಿಸಿದ ಒಬ್ಬ ನೋಡುಗನ ದೂರು.

ಸೋಮವಾರ ಇಂಡಿಯಲ್ಲಿದ್ದೆ. ಅಕ್ಕನ ಮನೆಯ ಹಿತ್ತಲಿನಾಚೆಗೆ ನಿಂಬೆಯ ತೋಟ. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಇಂಡಿ ನಿಂಬೆಯ ಸೀಮೆ ಅದು. ದಿನವಿಡೀ ಕೂಲಿಯವರೊಂದಿಗೆ ಕಾಯಿ ಬಿಡಿಸಿ ಬಂದ ಅಕ್ಕ ಕೈಕಾಲು ತೊಳೆದು ಟೀವಿಯ ಮುಂದೆ ಕುಳಿತವಳು ಊಟಕ್ಕೆ ಏಳಲಿಲ್ಲ. ಭಾವನವರು ಗದರಿದರು: “ಅದು ನಾಟಕ, ನಿಂದೇನು ಹೋತು?” ಅಕ್ಕನ ಉತ್ತರ ಚುಟುಕಾಗಿತ್ತು: “ಮೂರು ವರ್ಷ ಸಂಜಿಗೆ ನಮ್ಮನಿಗಿ ಬಂದಾಕಿ. ನಿಮ್ಮ ಅಣ್ಣತಮ್ಮರು ಯಾರು ಬಂದಾರ ಇಷ್ಟು?”

ಮಂಗಳವಾರ ಸಿಂದಗಿ. ದೊಡ್ಡವ್ವನಿಗೆ ಎಂಬತ್ತು ದಾಟಿದೆ, ಅಕ್ಷರ ಬಾರದು. ಆದರೆ ಕಥೆಯ ನಡೆ ಬಲ್ಲ ಹಿರಿಯಳು. ಜಾತ್ರೆಯ ಕಂಪನಿ ನಾಟಕ, ಶ್ರೀಕೃಷ್ಣ ಪಾರಿಜಾತ, ಡಪ್ಪಿನ ಮೇಲೆ ರಾತ್ರಿಯಿಡೀ ನಡೆಯುವ ಹರದೇಶಿ-ನಾಗೇಶಿ ಪದಗಳು, ಎಲ್ಲವನ್ನೂ ಕಂಡವಳು. ಅವಳಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ನನ್ನ ಕೈಯ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಕೇಳಿದಳು: “ತಮ್ಮಾ, ನೀ ಸರಕಾರಿ ನೌಕರಿ ಮಾಡಿದಾಂವ, ನೀನ ಹೇಳು. ಡಿಸಿ ಅಂದಮ್ಯಾಲ ಆಕಿನ್ನ ಮತ್ತೊಂದು ಜಿಲ್ಲೇಕ್ಕ ವರ್ಗಾ ಮಾಡಾಕ ಬರತಿರಲಿಲ್ಲೇನು?”

ಈ ಲೇಖನಕ್ಕೆ ಕಾರಣವಾದದ್ದು ಆ ಪ್ರಶ್ನೆ. ಕರ್ನಾಟಕದಲ್ಲಿ ಜಿಲ್ಲಾಧಿಕಾರಿಯೊಬ್ಬರ ನಿರ್ಗಮನಕ್ಕೆ ವರ್ಗಾವಣೆಗಿಂತ ಸಹಜವಾದ ದಾರಿ ಯಾವುದಿದೆ? ಅದಕ್ಕೆ ಮುನ್ಸೂಚನೆ ಬೇಕಿಲ್ಲ, ಕಾರಣವನ್ನೂ ಹೇಳಬೇಕಾಗಿಲ್ಲ. ನಿಷ್ಠುರ ಅಧಿಕಾರಿಯಾದರಂತೂ ನೋಡುಗರಿಗೆ ಆಶ್ಚರ್ಯವೂ ಆಗದು. ಸ್ನೇಹಾಳನ್ನು ಬೀದರಿಗೋ ಚಾಮರಾಜನಗರಕ್ಕೋ ಕಳುಹಿಸಬಹುದಿತ್ತು, ಮಸ್ಸೂರಿಗೆ ತರಬೇತಿಗೆ ಕಳುಹಿಸಬಹುದಿತ್ತು. ಆಗಾಗ ಫೋನಿನಲ್ಲಿ ಪುಟ್ಟಕ್ಕನೊಂದಿಗೆ ಮಾತನಾಡಿಸಬಹುದಿತ್ತು. ಇಲ್ಲವೇ ಕಿರುತೆರೆಯಲ್ಲಿ ಎಷ್ಟೋ ಬಾರಿ ನಡೆದಿರುವಂತೆ ಇನ್ನೊಬ್ಬ ನಟಿಯನ್ನು ಅದೇ ಪಾತ್ರಕ್ಕೆ ತರಬಹುದಿತ್ತು. ನೋಡುಗರು ಒಂದು ವಾರ ಗೊಣಗುತ್ತಾರೆ, ಎರಡನೆಯ ವಾರ ಒಪ್ಪಿಕೊಳ್ಳುತ್ತಾರೆ. ಇಷ್ಟೊಂದು ದಾರಿಗಳಿರುವಾಗ ಆರಿಸಿಕೊಂಡದ್ದು ಸಾವನ್ನು.

ಬುಧವಾರ ಬಸವನ ಬಾಗೇವಾಡಿಯಲ್ಲಿ ಗೆಳೆಯ ನನ್ನನ್ನು ಎದುರಿಸಿ ಕುಳಿತ. ಅವನು ನಿವೃತ್ತ ಮುಖ್ಯೋಪಾಧ್ಯಾಯ, ಹವ್ಯಾಸಿ ರಂಗನಟ. ಅವನ ವಾದವನ್ನು ಇಲ್ಲಿ ಮುಚ್ಚಿಡುವುದು ನ್ಯಾಯವಲ್ಲ. ದಿನವಹಿ ಧಾರಾವಾಹಿ ಕಾದಂಬರಿಯಲ್ಲ, ಓಡುವ ಬಂಡಿಯ ಗಾಲಿಯನ್ನು ಓಡುತ್ತಲೇ ಬದಲಿಸಬೇಕಾದ ಕಸುಬು ಎಂದ. ನಟಿ ಹೊರಡುತ್ತಾರೆ, ಅದು ಅವರ ಹಕ್ಕು. ಚಿತ್ರೀಕರಣ ನಿಲ್ಲುವಂತಿಲ್ಲ. ಪ್ರತಿ ಗುರುವಾರ ಬರುವ ಟಿಆರ್‌ಪಿ ಅಂಕಿಗಳ ಮುಂದೆ ವಾಹಿನಿ ಕೈಕಟ್ಟಿ ನಿಲ್ಲಬೇಕು. ವರ್ಗಾವಣೆಯ ಆದೇಶಕ್ಕೆ ಯಾರು ಅಳುತ್ತಾರೆ? ಸಾವಿಗಾದರೆ ನಾಡೇ ಅಳುತ್ತದೆ. ಮೇಲಾಗಿ ಒಳ್ಳೆಯವರು ಸಾಯಬಾರದೆಂಬ ನಿಯಮವೇನಾದರೂ ಇದೆಯೇ? ಅಂಗಾಂಗ ದಾನದ ಸಂದೇಶವೂ ತಲುಪಿತಲ್ಲ?

ಕೊನೆಯ ಮಾತಿನಲ್ಲಿ ತೂಕವಿದೆ. 2021ರಲ್ಲಿ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನೂ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನೂ ಕುಟುಂಬದವರು ದಾನ ಮಾಡಿದಾಗ ಕನ್ನಡಿಗರು ಆ ವಿಷಯವನ್ನು ಮನೆಯೊಳಗೆ ಮಾತನಾಡಲು ಕಲಿತರು. ಧಾರಾವಾಹಿಯೊಂದು ಆ ಮಾತನ್ನು ಮುಂದುವರಿಸಿದರೆ ಸಂತೋಷವೇ. ಆದರೆ ಕಸಿಯಾದ ಹೃದಯದೊಂದಿಗೆ ಸತ್ತವಳ ಬಾಂಧವ್ಯವೂ ವರ್ಗವಾಗುತ್ತದೆ ಎಂಬ ಕಲ್ಪನೆ ವೈದ್ಯಶಾಸ್ತ್ರದ್ದಲ್ಲ, ಸಿನಿಮಾದ್ದು. 2004ರ ಹಿಂದಿ ಚಿತ್ರ ‘ದಿಲ್ ನೇ ಜಿಸೇ ಅಪ್ನಾ ಕಹಾ’ ಇದೇ ತಿರುವನ್ನು ಬಳಸಿತ್ತು. ಹೃದಯವೆಂಬುದು ರಕ್ತವನ್ನು ಹರಿಸುವ ಸ್ನಾಯು. ಅದನ್ನು ಪಡೆದವರು ದಾನಿಯ ಮನೆಗೆ ಸೊಸೆಯಾಗಿಯೋ ಮಗಳಾಗಿಯೋ ಋಣಿಗಳಾಗಬೇಕಿಲ್ಲ. ಆ ಋಣದ ಭಾರ ಬೀಳಬಾರದೆಂದೇ ದಾನಿ ಮತ್ತು ಪಡೆದವರ ಗುರುತನ್ನು ಪರಸ್ಪರ ಗುಟ್ಟಾಗಿಡುವ ಪರಿಪಾಠವಿದೆ.

ನನ್ನ ಆಕ್ಷೇಪ ಇನ್ನೂ ಆಳದ್ದು. ಮೂರು ವರ್ಷ ಕಟ್ಟಿದ ಸ್ನೇಹಾ ಎಂಬ ಹೆಣ್ಣಿನಲ್ಲಿ ಎರಡು ಸಂಗತಿಗಳಿದ್ದವು. ಒಂದು ಅವಳ ಹೃದಯ, ಇನ್ನೊಂದು ಅವಳ ಹುದ್ದೆ. ಒಂದು ಪ್ರೀತಿಯಿಂದ ಬಂದದ್ದು, ಇನ್ನೊಂದು ಓದಿನಿಂದ ಬಂದದ್ದು. ಸಾಯಿಸಬೇಕಾದ ಸಂದರ್ಭ ಬಂದಾಗ ಧಾರಾವಾಹಿ ಹೃದಯವನ್ನು ಜೋಪಾನವಾಗಿ ಉಳಿಸಿಕೊಂಡಿತು. ಅದನ್ನು ಇನ್ನೊಂದು ದೇಹದಲ್ಲಿಟ್ಟು ಮನೆಗೆ ಕರೆತಂದಿತು. ಹುದ್ದೆಯನ್ನು ಮಾತ್ರ ಅವಳೊಂದಿಗೇ ಮಣ್ಣುಮಾಡಿತು. ನಾಯಕಿಗೆ ಅನಿವಾರ್ಯವಾದದ್ದು ಯಾವುದು, ಕಳಚಿ ಎಸೆಯಬಹುದಾದದ್ದು ಯಾವುದು ಎಂಬ ತೀರ್ಪು ಅದರಲ್ಲೇ ಅಡಗಿದೆ.

ಇದನ್ನು ಗೆಳೆಯನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. “ಪಾತ್ರದ ಸಾವಿಗೆ ಇಷ್ಟು ಅರ್ಥ ಹಚ್ಚಬ್ಯಾಡ” ಎಂದ. ನಾವು ಮಾತನಾಡುತ್ತಿದ್ದುದು ಎಂಥ ಊರಿನಲ್ಲಿ ನೋಡಿ. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೂ ಬೇಡವೆಂದು ಬಾಲಕ ಬಸವಣ್ಣ ಮನೆ ಬಿಟ್ಟನೆಂದು ಐತಿಹ್ಯ ಹೇಳುವ ಊರದು. ಅಲ್ಲಿಯ ಹೆಣ್ಣುಮಕ್ಕಳ ಪಾಲಿಗೆ ಪಾತ್ರವೊಂದು ಎಷ್ಟು ಅರ್ಥವಾಗಬಲ್ಲದೆಂಬುದು ಮರುದಿನ ಗೊತ್ತಾಯಿತು.

ಗುರುವಾರ ಮುದ್ದೇಬಿಹಾಳ. ಕಾಕಾನ ಮಗನಿಗೂ ಮೂವರು ಹೆಣ್ಣುಮಕ್ಕಳು. ನಡುವಿನವಳು ಬಿ.ಎ. ಮುಗಿಸಿ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ದೆಸೆಯಿಂದ ಬಸ್ಸಿನ ಖರ್ಚಿಲ್ಲದೆ ವಾರಕ್ಕೆರಡು ಸಲ ವಿಜಯಪುರಕ್ಕೆ ಹೋಗಿ ಓದಿನ ಸಾಮಗ್ರಿ ತರುತ್ತಾಳೆ. ಮನೆಯಲ್ಲಿ ಅವಳ ಮದುವೆಯ ಮಾತು ಎರಡು ವರ್ಷಗಳಿಂದ ಏಳುತ್ತಿದೆ, ಬೀಳುತ್ತಿದೆ. ಪ್ರತಿಸಲ ಅದನ್ನು ತಡೆಹಿಡಿದವಳು ಅವಳ ಅಜ್ಜಿ, ಅಂದರೆ ನನ್ನ ಕಾಕು. ಕಾಕುವಿಗೆ ಆಧಾರವಾಗಿದ್ದುದು ಸಂವಿಧಾನವಲ್ಲ, ಪುಟ್ಟಕ್ಕ. ಮೆಸ್ ನಡೆಸಿದವಳು ಮಗಳನ್ನು ಡಿಸಿ ಮಾಡಿದ್ದಾಳೆ, ಹತ್ತು ಎಕರೆ ನೀರಾವರಿ ಇರುವ ನಿಮಗೇನು ಧಾಡಿ ಎಂಬುದು ಅವಳ ವಾದ. ಅದಕ್ಕೆ ಮನೆಯ ಗಂಡಸರಲ್ಲಿ ಉತ್ತರವಿರಲಿಲ್ಲ.

ಆ ಸಂಜೆ ಕಾಕು ಟೀವಿ ಹಚ್ಚಲಿಲ್ಲ. ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು, ಮೊಮ್ಮಗಳತ್ತ ನೋಡದೆ, “ಇಕಿಗೂ ಒಂದು ಚಲೋ ಮನಿ ನೋಡ್ರಪಾ” ಎಂದಳು. ಹುಡುಗಿ ಚಹಾದ ಬಟ್ಟಲನ್ನು ನನ್ನ ಮುಂದಿಟ್ಟು ಮಾತಿಲ್ಲದೆ ಒಳಗೆ ಹೋದಳು. ಬರೀ ಒಂದು ಧಾರಾವಾಹಿಯಿಂದ ಕಾಕುವಿನ ಮನಸ್ಸು ತಿರುಗಿತೆಂದು ನಾನು ಹೇಳುವುದಿಲ್ಲ. ವಯಸ್ಸು, ಆರೋಗ್ಯ, ನೆಂಟರ ಒತ್ತಡ, ಎಲ್ಲವೂ ಇದ್ದಾವು. ಆದರೆ ಆ ಹುಡುಗಿಯ ಪರವಾಗಿ ಸಾಕ್ಷಿ ನುಡಿಯುತ್ತಿದ್ದವಳೊಬ್ಬಳು ಆ ವಾರ ಕಟಕಟೆಯಿಂದ ಇಳಿದುಹೋಗಿದ್ದಳು.

ಬೆಂಗಳೂರಿನ ಓದುಗರಿಗೆ ಇದು ಉತ್ಪ್ರೇಕ್ಷೆಯೆನಿಸಬಹುದು. ಅವರ ಮಗಳಿಗೆ ಆದರ್ಶವಾಗಲು ಪಕ್ಕದ ಮನೆಯಲ್ಲೇ ಮಹಿಳಾ ಅಧಿಕಾರಿಯಿರುತ್ತಾರೆ. 2011ರ ಜನಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ 68 ಇದ್ದರೆ ನಮ್ಮ ಜಿಲ್ಲೆಯದು ಶೇ 57ರ ಆಸುಪಾಸಿನಲ್ಲಿತ್ತು. ಹಾಗೆಂದು ನಾಡಿನ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಸ್ಥಾಪನೆಯಾದದ್ದೂ ಇದೇ ಜಿಲ್ಲೆಯಲ್ಲಿ. ಕೊರತೆಯೂ ಹಂಬಲವೂ ಒಟ್ಟಿಗೆ ಇರುವ ನೆಲ ಇದು. ಇಂಥಲ್ಲಿ ಎಷ್ಟೋ ಮನೆಗಳಿಗೆ ಪ್ರತಿ ಸಂಜೆ ಬಂದುಹೋಗುತ್ತಿದ್ದ ಏಕೈಕ ಮಹಿಳಾ ಜಿಲ್ಲಾಧಿಕಾರಿ ಸ್ನೇಹಾ.

ಕಥೆ ಹೇಳುವವರಿಗೆ ಸಾವನ್ನು ತೋರಿಸುವ ಸ್ವಾತಂತ್ರ್ಯ ಬೇಡವೆಂದಲ್ಲ. ನಮ್ಮ ಸೀಮೆಯ ಜನಪದರು ಸಾವಿಗೆ ಅಂಜಿದವರಲ್ಲ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿ 1930ರ ದಶಕದಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಅಂಥ ನೋವನ್ನು ಬಲ್ಲ ಜೀವಗಳದ್ದೇ. ಆದರೆ ಅಲ್ಲಿಯ ದುಃಖ ಬದುಕಿನಿಂದ ಬಂದದ್ದು, ಇಲ್ಲಿಯದು ವೇಳಾಪಟ್ಟಿಯಿಂದ ಬಂದದ್ದು. ದೊಡ್ಡವ್ವ ಕಂಡ ಹರದೇಶಿ-ನಾಗೇಶಿಯಲ್ಲಿ ಗಂಡು ಹೆಚ್ಚೆಂದು ಒಂದು ಪಕ್ಷ, ಹೆಣ್ಣು ಹೆಚ್ಚೆಂದು ಇನ್ನೊಂದು ಪಕ್ಷ ಹಾಡುತ್ತವೆ. ಅಲ್ಲಿ ಹೆಣ್ಣಿನ ಪಕ್ಷ ಒಡ್ಡಿದ ಸವಾಲಿಗೆ ಪದದಲ್ಲೇ ಉತ್ತರ ಕೊಡಬೇಕು. ಹಾಡುವವಳನ್ನೇ ವೇದಿಕೆಯಿಂದ ಕೆಳಗಿಳಿಸಿ ಗೆಲ್ಲುವಂತಿಲ್ಲ.

ಪುಟ್ಟಕ್ಕನಾಗಿ ನಟಿಸಿದ ಉಮಾಶ್ರೀ ಅವರಿಗೆ ಈ ಮಾತು ಬೇರೆಯವರಿಗಿಂತ ಚೆನ್ನಾಗಿ ಅರ್ಥವಾದೀತು. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ 2013ರಲ್ಲಿ ಗೆದ್ದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಯ ಸಚಿವೆಯಾಗಿದ್ದವರು ಅವರು. ಬಡತನದಿಂದ ಬಂದ ಕಲಾವಿದೆಯೊಬ್ಬರು ವಿಧಾನಸೌಧದ ಮೆಟ್ಟಿಲೇರಿದ್ದನ್ನು ಕಂಡ ನಾಡಿಗೆ, ಮೆಸ್ಸಿನ ಮಗಳು ಡಿಸಿಯಾಗಿ ಬಾಳುವ ಕಥೆ ನಂಬಲಾಗದ್ದೇನೂ ಆಗಿರಲಿಲ್ಲ.

ಶುಕ್ರವಾರ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಸಿಂದಗಿಗೆ ಫೋನು ಮಾಡಿ, ಮದುವೆಗೆ ಬರಲು ಗಾಡಿ ಕಳುಹಿಸುತ್ತೇನೆಂದು ದೊಡ್ಡವ್ವನಿಗೆ ಹೇಳಿದೆ. ಮುದ್ದೇಬಿಹಾಳದ ಸುದ್ದಿಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೆಂದಳು: “ನಿನ್ನ ಕಾಕುಗ ಹೇಳು. ಟೀವ್ಯಾಗಿನ ಡಿಸಿ ಸತ್ತಾಳ, ಪರೀಕ್ಷಾ ಏನು ಸತ್ತಿಲ್ಲ.”

ಕಾಕುವಿಗೆ ಆ ಮಾತನ್ನು ಮುಟ್ಟಿಸಿದ್ದೇನೆ. ವಾಹಿನಿಗಳಿಗೆ ಮುಟ್ಟಿಸಬೇಕಾದದ್ದು ಬೇರೊಂದಿದೆ. ಮುಂದೆ ನೀವು ಇನ್ನೊಬ್ಬ ಹೆಣ್ಣುಮಗಳನ್ನು ಓದಿಸಿ ಅಧಿಕಾರಿ ಮಾಡುವಿರಿ, ಆಕೆಯ ಪಾತ್ರಧಾರಿಯೂ ಒಂದು ದಿನ ಹೊರಡುತ್ತಾರೆ. ಅಂದು ದಯವಿಟ್ಟು ಒಂದು ವರ್ಗಾವಣೆಯ ಆದೇಶ ಬರೆಯಿರಿ. ಆಕೆ ಬೇರೊಂದು ಊರಿನಲ್ಲಿ ಕೆಲಸ ಮಾಡುತ್ತಿದ್ದಾಳೆಂದು ನಂಬಿಕೊಂಡು ನಾವು ಉಳಿದ ಕಥೆಯನ್ನು ನೋಡುತ್ತೇವೆ.