ಹೊರುವವರು ಬರುವ ಮುನ್ನ



ಈ ಶ್ರಾವಣದಲ್ಲಿ ನಾವು ನಾಗಸಂದ್ರದ ಬಾಡಿಗೆ ಮನೆಯನ್ನು ಬಿಟ್ಟು, ಎಲೆಕ್ಟ್ರಾನಿಕ್ ಸಿಟಿಯ ಬಳಿ ಮಗನಿರುವ ಅಪಾರ್ಟ್‌ಮೆಂಟಿಗೆ ಹೋಗುವುದೆಂದು ನಿಶ್ಚಯವಾಗಿದೆ. ಆಷಾಢದಲ್ಲಿ ಮನೆ ಬದಲಿಸಕೂಡದೆಂದು ನನ್ನ ಮನೆಯಾಕೆ ಹಠ ಹಿಡಿದದ್ದರಿಂದ ಒಂದು ತಿಂಗಳು ಹೆಚ್ಚಾಗಿ ದೊರೆಯಿತು. ವಿಜ್ಞಾನ ಬೋಧಿಸಿದ ನಾನು ಇಂತಹ ನಂಬಿಕೆಗಳೊಡನೆ ಜಗಳವಾಡುವವನು. ಈ ಸಲ ಮಾತ್ರ ಆಷಾಢಕ್ಕೆ ಋಣಿಯಾಗಿದ್ದೇನೆ.

"ಅಪ್ಪಾ, ನೀವಿಬ್ಬರೂ ಏನನ್ನೂ ಮುಟ್ಟಬೇಡಿ. ಪ್ಯಾಕರ್ಸ್‌ನವರು ಬೆಳಿಗ್ಗೆ ಬಂದು ಎಲ್ಲವನ್ನೂ ಕಟ್ಟುತ್ತಾರೆ, ಸಂಜೆಗೆ ಅಲ್ಲಿ ಜೋಡಿಸಿಕೊಡುತ್ತಾರೆ" ಎಂದು ಮಗ ಹೇಳಿದ. ಅವನದು ಕಾಳಜಿಯ ಮಾತು. ಆದರೆ ಅದರಲ್ಲಿ ಅರ್ಧವನ್ನು ಮಾತ್ರ ನಾನು ಒಪ್ಪಿಕೊಂಡೆ. ಉಳಿದರ್ಧವನ್ನು ಏಕೆ ಒಪ್ಪಲಿಲ್ಲವೆಂಬುದೇ ಈ ಲೇಖನ.

ಮನೆ ಬದಲಿಸುವುದು ನನಗೆ ಹೊಸತಲ್ಲ. ಸೇವಾವಧಿಯಲ್ಲಿ ಆರು ಸಲ ವರ್ಗವಾಯಿತು. 1988ರಲ್ಲಿ ಶಿರಾದಿಂದ ಮಧುಗಿರಿಗೆ ಹೊರಟಾಗ, ಹುಣಸೆಹಣ್ಣು ಇಳಿಸಿ ಬರಿದಾಗಿದ್ದ ಲಾರಿಯೊಂದು ಸಿಕ್ಕಿತ್ತು. ಹತ್ತನೆಯ ತರಗತಿಯ ಹುಡುಗರು ಕರೆಯದೆಯೇ ಬಂದು, ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ, ಹಾಸಿಗೆಯನ್ನು ಸುರುಳಿ ಸುತ್ತಿ, ಹಗ್ಗ ಬಿಗಿದುಕೊಟ್ಟರು. ಅವರಲ್ಲಿ ಒಂದಿಬ್ಬರು ಇದನ್ನು ಓದುತ್ತಿರಬಹುದು. ಅಂದು ಎರಡು ಕಪ್ಪು ಒಡೆದವರು ಯಾರೆಂಬುದು ನನಗಿನ್ನೂ ನೆನಪಿದೆ! ಆಗ ನಮ್ಮ ಸಂಸಾರವೇ ಅರ್ಧ ಲಾರಿಯಷ್ಟು. ಈಗ ಎರಡು ದಶಕಗಳಿಂದ ಒಂದೇ ಮನೆಯಲ್ಲಿದ್ದೇವೆ. 2015ರಲ್ಲಿ ನಾಗಸಂದ್ರಕ್ಕೆ ಮೆಟ್ರೋ ಬಂತು, 2024ರಲ್ಲಿ ಅದು ಮಾದಾವರದವರೆಗೆ ಮುಂದುವರಿಯಿತು. ಊರು ಬೆಳೆದಂತೆ ನಮ್ಮ ಅಟ್ಟವೂ ತುಂಬುತ್ತಲೇ ಹೋಯಿತು.

ಆದ್ದರಿಂದ ಹೊರುವ ಕೆಲಸವನ್ನು ಹಣ ಕೊಟ್ಟು ಮಾಡಿಸುವುದರಲ್ಲಿ ತಪ್ಪೇನೂ ಇಲ್ಲ. ಅರವತ್ತು ದಾಟಿದವರು ಬೀರು ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳುವುದು ಜಾಣತನವೂ ಅಲ್ಲ. ಆದರೆ ಆ ವ್ಯವಹಾರವನ್ನು ಬಾಯಿಮಾತಿನಲ್ಲಿ ಮುಗಿಸಬಾರದು. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರು ಪುಣೆಗೆ ಹೋದಾಗ, ಫೋನಿನಲ್ಲಿ ಒಂದು ದರ ಹೇಳಿದ ಸಂಸ್ಥೆಯವರು, ಸಾಮಾನು ಇಳಿಸುವ ಮುನ್ನ ಇನ್ನೂ ಎಂಟು ಸಾವಿರ ಕೇಳಿದರು. ಮಂಚ ಲಾರಿಯ ಮೇಲಿರುವಾಗ ವಾದಕ್ಕೆಲ್ಲಿದೆ ಬಲ? ನಾವು ಈ ಸಲ ಮನೆಗೇ ಕರೆಸಿ, ಪ್ರತಿಯೊಂದನ್ನೂ ತೋರಿಸಿ, ಪಟ್ಟಿ ಬರೆಸಿಕೊಂಡೆವು. ಮಾದಾವರದ ಬಳಿ ನೈಸ್ ರಸ್ತೆ ಹಿಡಿದರೆ ಊರೊಳಗೆ ಹೋಗದೆಯೇ ಎಲೆಕ್ಟ್ರಾನಿಕ್ ಸಿಟಿ ತಲುಪಬಹುದು. ಆ ರಸ್ತೆಯ ಸುಂಕ ಯಾರದು, ಅಪಾರ್ಟ್‌ಮೆಂಟಿನಲ್ಲಿ ಸಾಮಾನಿಗೆ ಲಿಫ್ಟ್ ಕೊಡದಿದ್ದರೆ ಮೆಟ್ಟಿಲು ಹತ್ತಿಸಿದ ಕೂಲಿ ಎಷ್ಟು ಎಂಬುದನ್ನೂ ಅದೇ ಪಟ್ಟಿಗೆ ಸೇರಿಸಿದೆವು.

ಮತ್ತೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ರಸ್ತೆಯ ಮೂಲಕ ಸರಕು ಸಾಗಿಸುವವರಿಗೆಂದೇ 2007ರ ಕಾಯ್ದೆಯೊಂದಿದೆ, 2011ರ ನಿಯಮಗಳಿವೆ. ಸರಕಿನ ಮೌಲ್ಯವನ್ನು ಮೊದಲೇ ಬರೆದುಕೊಟ್ಟು, ಹೆಚ್ಚಿನ ಹೊಣೆಗೆ ಹೆಚ್ಚಿನ ದರವನ್ನು ಒಪ್ಪದಿದ್ದರೆ, ನಷ್ಟಕ್ಕೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ವಂಚನೆಯಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಾಡಿಗೆದಾರರು ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ ತಮ್ಮ ಗೃಹಜ್ಯೋತಿ ನೋಂದಣಿಯನ್ನು ಬಿಡಿಸಿಕೊಳ್ಳುವುದನ್ನೂ, ಅಡುಗೆ ಅನಿಲದ ವಿತರಕರಿಗೆ ಹೊಸ ವಿಳಾಸ ತಿಳಿಸುವುದನ್ನೂ ಮರೆಯಬಾರದು.

ಇಷ್ಟು ಸಿದ್ಧತೆಯನ್ನು ಯಾರು ಬೇಕಾದರೂ ಮಾಡಬಹುದು. ನಾನು ಬೇರೆಯವರಿಗೆ ಬಿಡಲೊಪ್ಪದ ಕೆಲಸ ಒಂದೇ: ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವುದು.

ನನ್ನ ಸಹೋದ್ಯೋಗಿಗಳಾಗಿದ್ದ ಮಿತ್ರರೊಬ್ಬರ ಪ್ರಸಂಗ ಹೇಳುತ್ತೇನೆ. ಅವರು ಮಗಳ ಮನೆಯಲ್ಲಿ ಹದಿನೈದು ದಿನ ಇದ್ದಾಗ, ತಂದೆಗೆ ಶ್ರಮವಾಗಬಾರದೆಂದು ಮಗ ಇಡೀ ಮನೆಯನ್ನು ಹೊಸ ಫ್ಲ್ಯಾಟಿಗೆ ಸಾಗಿಸಿಬಿಟ್ಟ. ಕೆಲಸಗಾರರು ಬಹಳ ಅಚ್ಚುಕಟ್ಟಾಗಿ ಮಾಡಿದ್ದರು. ಒಂದು ಲೋಟವೂ ಒಡೆದಿರಲಿಲ್ಲ. ಅಡುಗೆಮನೆಯ ಗೂಡಿನಲ್ಲಿದ್ದ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಮಾತ್ರ ಗುಜರಿಗೆ ಹೋಗಿತ್ತು. ಅದರಲ್ಲಿ ತೀರಿಹೋದ ಅವರ ಪತ್ನಿಯ ಕೈಬರಹದ ನೋಟುಪುಸ್ತಕವಿತ್ತು: ಸಾರಿನಪುಡಿಯ ಅಳತೆ, ಉಪ್ಪಿನಕಾಯಿ ಹಾಕಿದ ದಿನ, ಹಾಲಿನ ಲೆಕ್ಕ. ಮಿತ್ರರು ಮಗನಿಗೆ ಏನನ್ನೂ ಹೇಳಲಿಲ್ಲ. ನನ್ನೊಡನೆ ಒಮ್ಮೆ, "ಅವನು ಒಳ್ಳೆಯದಕ್ಕೇ ಮಾಡಿದ, ಮೇಷ್ಟ್ರೇ" ಎಂದು ಸುಮ್ಮನಾದರು. ಬಾಡಿಗೆಯ ಹತ್ತು ಪಟ್ಟು ತಂದುಕೊಟ್ಟರೂ ಆ ಪುಸ್ತಕ ಬರುವುದೇ?

ತಪ್ಪು ಕೆಲಸಗಾರರದಲ್ಲ. ಎದುರಿಗಿದ್ದುದನ್ನು ಕಟ್ಟುವುದು, ಬೇಡವೆಂದದ್ದನ್ನು ಬಿಡುವುದು ಅವರ ವೃತ್ತಿ. ಮಗನದೂ ದುರುದ್ದೇಶವಲ್ಲ. ಒಂದೇ ದಿನದಲ್ಲಿ ಮುಗಿಯಬೇಕೆಂಬ ಆತುರವೇ ದೋಷ. ಅದಕ್ಕಾಗಿ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ: ತಂದೆತಾಯಿಯರ ಮನೆ ಬದಲಿಸುವಾಗ ಅವರಿಲ್ಲದ ವೇಳೆಯಲ್ಲಿ ಅವರ ವಸ್ತುಗಳನ್ನು ಆರಿಸಬೇಡಿ. ಒಂದು ತಿಂಗಳು ಮೊದಲೇ, ದಿನಕ್ಕೊಂದು ಗೂಡಿನಂತೆ, ಅವರ ಪಕ್ಕದಲ್ಲಿ ಕುಳಿತು ಆರಿಸಿ. ಒಂದೊಂದು ವಸ್ತುವಿಗೂ ಒಂದೊಂದು ಕಥೆ ಕೇಳಬೇಕಾದೀತು, ಕೇಳಿ.

ನನ್ನ ವಯಸ್ಸಿನವರಿಗೂ ಒಂದು ಮಾತು. ಎಲ್ಲವನ್ನೂ ಉಳಿಸಿಕೊಳ್ಳುತ್ತೇವೆಂಬುದು ನ್ಯಾಯವಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮೊಮ್ಮಕ್ಕಳೂ ಓಡಾಡಬೇಕು. ನನ್ನ ಪುಸ್ತಕಗಳಲ್ಲಿ ಮುಕ್ಕಾಲು ಪಾಲನ್ನು ನಾನು ಕೊನೆಯದಾಗಿ ಕೆಲಸ ಮಾಡಿದ ಶಾಲೆಗೆ ಕೊಟ್ಟೆ. ಅತ್ತೆಯವರ ಕಾಲದ ಒರಳುಕಲ್ಲಿನ ಬಗ್ಗೆ ಮೂರು ದಿನ ಚರ್ಚೆಯಾಯಿತು. ನಾಲ್ಕನೆಯ ದಿನ ನನ್ನ ಮನೆಯಾಕೆ ತಾನೇ ಎದುರುಮನೆಯವರನ್ನು ಕರೆದು ಕೊಟ್ಟಳು. ತನ್ನ ಕೈಯಾರೆ ಕೊಟ್ಟದ್ದರಿಂದ ಅವಳಿಗೆ ಕಳೆದುಕೊಂಡ ನೋವಿಲ್ಲ. ಈಗ ಮಗನೂ ಭಾನುವಾರ ಬೆಳಿಗ್ಗೆ ಮೆಟ್ರೋದಲ್ಲಿ ಬಂದು ನಮ್ಮೊಡನೆ ಅಟ್ಟದ ಕೆಳಗೆ ಕುಳಿತುಕೊಳ್ಳುತ್ತಿದ್ದಾನೆ.

ಕಳೆದ ಭಾನುವಾರ ಕಬ್ಬಿಣದ ಟ್ರಂಕನ್ನು ತೆರೆದೆವು. ಶಿರಾ, ಮಧುಗಿರಿಯ ಹುಡುಗ ಹುಡುಗಿಯರು ಬರೆದ ಇನ್‌ಲ್ಯಾಂಡ್ ಪತ್ರಗಳು ಒಂದು ಕಟ್ಟಿನಷ್ಟಿವೆ. ಮಗ ನಾಲ್ಕೈದನ್ನು ಓದಿ, ಏನೂ ಹೇಳದೆ ಮತ್ತೆ ಮಡಿಸಿ, "ಇದನ್ನು ಲಾರಿಯಲ್ಲಿ ಹಾಕುವುದು ಬೇಡ, ನಾನೇ ಕೈಚೀಲದಲ್ಲಿ ತರುತ್ತೇನೆ" ಎಂದ. ನಿಮ್ಮ ಪತ್ರ ನಿಮಗೆ ಬೇಕೆನಿಸಿದರೆ ತಿಳಿಸಿ. ಇಲ್ಲವಾದರೆ ಅದು ನಮ್ಮೊಡನೆಯೇ ಬರುತ್ತದೆ.