ಪ್ರಿಂಟರ್ ನಮ್ಮದು, ಬೀಗದ ಕೈ ಯಾರದು?

ಕನ್ನಡದ ಹುಡುಗರೇ, ಒಂದು ಮಾತು ಕೇಳುತ್ತೇನೆ. ನೀವು ದುಡ್ಡು ಕೊಟ್ಟು ಒಂದು ಎತ್ತು ತಂದಿದ್ದೀರಿ. ಮಾರಿದವನು ಕೆಲವು ವರ್ಷ ಬಿಟ್ಟು ಬಂದು, "ಇದನ್ನು ಹೊಸ ಬಂಡಿಗೆ ಹೂಡುವಂತಿಲ್ಲ, ಬೇರೆ ಎತ್ತು ತಗೊಳ್ಳಿ" ಎಂದರೆ ಸುಮ್ಮನಿರುತ್ತೀರಾ? ನಾನು ಸುಮ್ಮನಿದ್ದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ ನನ್ನದೊಂದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಗೊಬ್ಬರದಂಗಡಿಯ ರಶೀದಿ. ಅಚ್ಚಾಗುವುದು ಮಿನಿ ಆಫ್‌ಸೆಟ್‌ನಲ್ಲಿ. ಆದರೆ ಅದಕ್ಕೆ ಪ್ಲೇಟ್ ಮಾಡಬೇಕಾದರೆ ಮೊದಲು ಬಟರ್ ಶೀಟ್ ಮೇಲೆ ಲೇಸರ್ ಪ್ರಿಂಟ್ ತೆಗೆಯಬೇಕು. ಪ್ರಿಂಟರ್ ನಿಂತರೆ ಪ್ರೆಸ್ಸೇ ನಿಂತ ಹಾಗೆ. ಹಳೇ ಕಂಪ್ಯೂಟರ್ ಕೆಟ್ಟು ಹೊಸದು ತಂದೆ. ಹೊಸ ವಿಂಡೋಸ್‌ಗೆ ನನ್ನ ಹಳೇ ಪ್ರಿಂಟರಿನ ಡ್ರೈವರ್ ಇಲ್ಲವಂತೆ! ಕಂಪನಿಗೆ ಫೋನ್ ಹಚ್ಚಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎಂದರು, ಕನ್ನಡಕ್ಕೆ ಗುಂಡಿಯೇ ಇಲ್ಲ. ಕೊನೆಗೆ ಬಂದ ಉತ್ತರ, "ಆ ಮಾಡೆಲ್ ನಿಂತಿದೆ, ಹೊಸದು ಕೊಳ್ಳಿ." ಡ್ರಮ್ ಸರಿ ಇದೆ, ಫ್ಯೂಸರ್ ಸರಿ ಇದೆ, ಕಾಗದ ಎಳೆಯುವ ರೋಲರ್ ನಾನೇ ಹಾಕಿದ್ದು. ಒಂದು ತಿರುಪೂ ಕೆಡದೆ ಯಂತ್ರ ಸತ್ತುಹೋಯಿತು!

ನಾನು ಹುಡುಗನಾಗಿದ್ದಾಗ ಟ್ರೆಡಲ್ ಮಷೀನು ತುಳಿದವನು. ಅದರ ಬೇರಿಂಗ್ ಸವೆದರೆ ಸಿಂಧನೂರಿನ ಲೇತ್ ಅಂಗಡಿಯವನು ಮಾಡಿಕೊಡುತ್ತಿದ್ದ. ಯಾವ ಕಂಪನಿಯ ಅಪ್ಪಣೆಯೂ ಬೇಕಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ತಂದ. ಮರುವರ್ಷವೇ ಅದು ನಮ್ಮ ಪಕ್ಕದ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ'ವಾಗಿ ಮೊಳೆಯಚ್ಚು ಕಂಡಿತು. ಆ ಕಲ್ಲಿಗಾಗಲಿ ಆ ಮೊಳೆಗಾಗಲಿ ಪಾಸ್‌ವರ್ಡ್ ಇರಲಿಲ್ಲ ಸ್ವಾಮಿ.

ನಮ್ಮಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ದಸರೆಗೆ ಬಂದವನು ಮೂಲೆಯಲ್ಲಿದ್ದ ಪ್ರಿಂಟರ್ ನೋಡಿ, "ಮಾಮಾ, ಇದನ್ನ ಗುಜರಿಗೆ ಹಾಕಬ್ಯಾಡ್ರಿ, ಒಂದ್ ರಾತ್ರಿ ನನಗ ಬಿಡ್ರಿ" ಅಂದ. ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿದ. ಅದರ ಜೊತೆಗೇ 'ಕಪ್ಸ್' ಅನ್ನುವ ಮುದ್ರಣ ವ್ಯವಸ್ಥೆ ಬರುತ್ತದೆ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಕೋಲನ್, 631 ಎಂದು ಬರೆದರೆ ಅದರ ಪುಟ ತೆರೆಯುತ್ತದೆ. 'ಆಡ್ ಪ್ರಿಂಟರ್' ಒತ್ತಿ ಪಟ್ಟಿ ನೋಡಿದರೆ ನನ್ನ ಮಾಡೆಲ್ಲಿನ ಹೆಸರು ಅಲ್ಲಿ ಕೂತಿದೆ! ಕಂಪನಿ ಕೈಬಿಟ್ಟ ಯಂತ್ರಕ್ಕೆ ಎಲ್ಲಿಯದೋ ದೇಶದ ಪುಣ್ಯಾತ್ಮ ಡ್ರೈವರ್ ಬರೆದಿಟ್ಟಿದ್ದ. ಪರೀಕ್ಷೆಯ ಹಾಳೆ ಹೊರಬಂದಾಗ ರಾತ್ರಿ ಹನ್ನೊಂದು ದಾಟಿತ್ತು.

ಇದು ಒಳಗೆ ಏನು ಮಾಡುತ್ತದೆ ಎಂದರೆ, ನಮ್ಮ ಪುಟವನ್ನು ಪಿಡಿಎಫ್ ಆಗಿ ತೆಗೆದುಕೊಂಡು, ಪ್ರಿಂಟರಿಗೆ ತಿಳಿಯುವ ಭಾಷೆಗೆ ಬದಲಿಸಿ, ಸರದಿಯಲ್ಲಿ ನಿಲ್ಲಿಸಿ ಕಳಿಸುತ್ತದೆ. ಅಂದರೆ ದುಭಾಷಿ ಕೆಲಸ. ಪ್ರಿಂಟರನ್ನು 'ಶೇರ್' ಮಾಡಿದರೆ ಅಂಗಡಿಯ ವೈಫೈಗೆ ಸೇರಿದ ಮೊಬೈಲಿಗೂ ಕಾಣುತ್ತದೆ. ಈಗ ರೈತರು ಪಹಣಿ ಹಿಡಿದು ಬಂದರೆ ತಮ್ಮ ಫೋನಿನಿಂದಲೇ ಒತ್ತುತ್ತಾರೆ, ನನ್ನ ವಾಟ್ಸಾಪಿಗೆ ಕಳಿಸುವ ಕಾಟ ತಪ್ಪಿತು. ಎಲ್ಲಾ ಪ್ರಿಂಟರೂ ನಡೆಯುತ್ತವೆ ಎಂದು ಸುಳ್ಳು ಹೇಳುವುದಿಲ್ಲ. ಕೊಳ್ಳುವ ಮೊದಲು ಓಪನ್‌ಪ್ರಿಂಟಿಂಗ್‌ನವರ ಪಟ್ಟಿ ನೋಡಿಕೊಳ್ಳಿ. ಆ 631ನೇ ಬಾಗಿಲನ್ನು ಇಂಟರ್‌ನೆಟ್ಟಿಗೆ ತೆರೆದಿಡಬೇಡಿ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿ ಕಳ್ಳಗಿಂಡಿಗಳು ಸಿಕ್ಕಿ ದೊಡ್ಡ ಗದ್ದಲವಾಗಿತ್ತು.

ಇದರ ಕಥೆ ನೀವು ತಿಳಿಯಬೇಕು. ಸುಮಾರು 1980ರಲ್ಲಿ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡರೆ ಎಲ್ಲರ ಕಂಪ್ಯೂಟರಿಗೂ ಸುದ್ದಿ ಹೋಗುವ ಹಾಗೆ ಮಾಡೋಣ ಎಂದು ರಿಚರ್ಡ್ ಸ್ಟಾಲ್‌ಮನ್ ಅದರ ತಂತ್ರಾಂಶದ ಮೂಲ ಕೇಳಿದರು. ಕೊಡುವುದಿಲ್ಲ ಎಂದರು. ಆ ಸಿಟ್ಟು ಅವರನ್ನು ಬಿಡಲಿಲ್ಲ. 1983ರಲ್ಲಿ ಅವರು ಘೋಷಿಸಿದ ಗ್ನೂ ಯೋಜನೆಯಿಂದ ಮುಕ್ತ ತಂತ್ರಾಂಶದ ಚಳವಳಿ ಬೆಳೆಯಿತು. ಬೇರು ಎಲ್ಲಿ? ಪ್ರಿಂಟರಿನಲ್ಲಿ! ನನ್ನಂಥ ಪ್ರೆಸ್ಸಿನವನಿಗೆ ಇದಕ್ಕಿಂತ ಹೆಮ್ಮೆ ಬೇಕೆ?

ಕಪ್ಸ್ ಅನ್ನು ಮೈಕೆಲ್ ಸ್ವೀಟ್ ಎಂಬುವರು 1997ರಲ್ಲಿ ಆರಂಭಿಸಿ 1999ರಲ್ಲಿ ಹೊರತಂದರು. 2002ರಲ್ಲಿ ಆಪಲ್ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡಿತು, 2007ರಲ್ಲಿ ಅದರ ಹಕ್ಕನ್ನೇ ಕೊಂಡಿತು. 2019ರ ಕೊನೆಗೆ ಸ್ವೀಟ್ ಆಪಲ್ ಬಿಟ್ಟರು, ಅಲ್ಲಿ ಕೆಲಸ ಮಂದವಾಯಿತು. ಬೇರೆ ತಂತ್ರಾಂಶವಾಗಿದ್ದರೆ ಅಷ್ಟಕ್ಕೇ ಮಣ್ಣಾಗುತ್ತಿತ್ತು. ಆದರೆ ಮೂಲ ಎಲ್ಲರ ಕೈಯಲ್ಲಿತ್ತಲ್ಲ! 2020ರಲ್ಲಿ ಓಪನ್‌ಪ್ರಿಂಟಿಂಗ್ ಬಳಗ ಎತ್ತಿಕೊಂಡಿತು, ಸ್ವೀಟ್ ಅವರೂ ಜೊತೆಗೂಡಿದರು, ಕೆಲಸ ಮುಂದುವರಿಯಿತು. ಕೊಂಡವನು ಕೈಬಿಟ್ಟರೂ ಸಾಯದ ವಸ್ತು ಇದು. ನಮ್ಮ ಕನ್ನಡದ ಅಚ್ಚಿಗೆ ಬೇಕಾದದ್ದು ಇಂಥದ್ದೇ.

ಯಾಕೆಂದರೆ ಇನ್ನೊಂದು ನೋವು ನನ್ನ ಡ್ರಾಯರಿನಲ್ಲಿದೆ. ಬೆರಳುದ್ದದ ಒಂದು 'ಲಾಕ್'. ಹಿಂದೆ ಕೊಂಡ ಕನ್ನಡ ತಂತ್ರಾಂಶಕ್ಕೆ ಅದನ್ನು ಚುಚ್ಚಿದರೆ ಮಾತ್ರ ಅಕ್ಷರ ಮೂಡುತ್ತಿತ್ತು. ನಮ್ಮ ಕಡೆಯ ಒಬ್ಬ ಮೇಷ್ಟ್ರು ಮುದುಕಿಯರ ಬಾಯಿಂದ ಬರೆದುಕೊಂಡ ಸೋಬಾನ ಪದಗಳನ್ನು ನಾನೇ 2006ರಲ್ಲಿ ಜೋಡಿಸಿ ಅಚ್ಚು ಹಾಕಿದ್ದೆ. ಆ ಮುದುಕಿಯರು ಈಗಿಲ್ಲ. ಮತ್ತೊಮ್ಮೆ ಅಚ್ಚು ಹಾಕಬೇಕೆಂದು ಮೇಷ್ಟ್ರು ಬಂದಾಗ ಲಾಕ್ ಸುಟ್ಟಿತ್ತು. ಪೇಜ್‌ಮೇಕರ್ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಮೇಲೆ ಚುಕ್ಕೆ, ಟೋಪಿ ಇಟ್ಟ ಕಸ! ಕನ್ನಡದ ಒಂದು ಅಕ್ಷರವೂ ಇಲ್ಲ. ಮೇಷ್ಟ್ರ ಮುಖ ನೋಡಲಾಗಲಿಲ್ಲ.

ಅಕ್ಕನ ಮಗನೇ ದಾರಿ ಮಾಡಿದ. ನುಡಿಯ ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ ಮುಕ್ತ ತಂತ್ರಾಂಶ ಇದೆ. ನನ್ನ ಕಡತದ ಸಂಕೇತ ಬೇರೆ ಇದ್ದರೂ ಮೂಲ ತೆರೆದಿದ್ದರಿಂದ ಅದರ ಪಟ್ಟಿ ತಿದ್ದಿ ಓಡಿಸಿದ. ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿತ್ತು, ಅದನ್ನು ತಿದ್ದಲು ಹನ್ನೊಂದು ದಿನ ಹಿಡಿಯಿತು. ಪುಟ ಕಟ್ಟಿದ್ದು ಸ್ಕ್ರೈಬಸ್‌ನಲ್ಲಿ, ಅಕ್ಷರ ಅರವಿಂದ ವಿ.ಕೆ. ಅವರ 'ಗುಬ್ಬಿ' ಮತ್ತು 'ನವಿಲು'. ಬೆರಳಚ್ಚು ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಹಳೇ ಕೀಲಿಮಣೆಯದೇ.

ಈ ಸ್ಕ್ರೈಬಸ್‌ನ ಹಳೇ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಕೂಡುತ್ತಿರಲಿಲ್ಲ. 2024ರಲ್ಲಿ ಬಂದ 1.6ರಲ್ಲಿ ಕೂಡುತ್ತದೆ. ಸರಿಮಾಡಿದವರು ಯಾರು? ಒಮಾನ್ ದೇಶದ ಒಂದು ತಂಡ ತಮ್ಮ ಅರಬ್ಬಿ ಲಿಪಿಗಾಗಿ ಹಟ ಹಿಡಿದು ದುಡಿಯಿತು, ಆ ನೀರು ನಮ್ಮ ಗದ್ದೆಗೂ ಹರಿಯಿತು. ಕಾಲುವೆಯ ಕೊನೆಯಲ್ಲಿರುವವರಿಗೆ ನೀರು ಬಂದರೆ ಎಷ್ಟು ಸಂತೋಷವೋ ಅಷ್ಟೇ ಸಂಕೋಚವೂ ಆಯಿತು. ಜಗತ್ತಿನ ಸಾಫ್ಟ್‌ವೇರ್ ಬರೆಯುವ ಊರು ನಮ್ಮ ಬೆಂಗಳೂರು, ಕನ್ನಡದ ಒತ್ತಕ್ಷರ ಜೋಡಿಸಲು ಮಸ್ಕತ್ ಬೇಕಾಯಿತೇ?

ನಾಮಫಲಕದಲ್ಲಿ ಶೇಕಡಾ 60 ಕನ್ನಡ ಬೇಕೆಂದು ಬೀದಿಗಿಳಿದಿರಿ, 2024ರಲ್ಲಿ ಕಾನೂನೂ ಬಂತು. ಶಭಾಷ್! ಆ ಫಲಕದ ಅಕ್ಷರ ಮೂಡುವುದು ನನ್ನಂಥವನ ಅಂಗಡಿಯಲ್ಲಿ, ಎಷ್ಟೋ ಸಲ ಕದ್ದ ತಂತ್ರಾಂಶದಲ್ಲಿ. ನಾನೂ ಬಳಸಿದ್ದೇನೆ, ಈಗಲೂ ಪೂರ್ತಿ ಬಿಟ್ಟಿಲ್ಲ. ಸಿಂಧನೂರಿನಲ್ಲಿ ಫ್ಲೆಕ್ಸ್ ಹೊಡೆಯುವವನು ಕೋರಲ್ ಕಡತವನ್ನೇ ಕೇಳುತ್ತಾನೆ.

ನಿಮ್ಮಿಂದ ಬೇಕಾದದ್ದು ಹೇಳಿಬಿಡುತ್ತೇನೆ. ಕಪ್ಸ್‌ಗೆ ಪಿಡಿಎಫ್ ಕೊಟ್ಟರೆ ಕನ್ನಡ ಚೊಕ್ಕವಾಗಿ ಬರುತ್ತದೆ, ಬರೀ ಪಠ್ಯದ ಕಡತ ನೇರ ಕೊಟ್ಟರೆ ಒತ್ತಕ್ಷರ ಕೂಡುವುದಿಲ್ಲ. ಆ 631ರ ಪುಟ ನನ್ನ ಪರದೆಯ ಮೇಲೆ ಇಂಗ್ಲಿಷಿನಲ್ಲೇ ತೆರೆಯುತ್ತದೆ. ಎರಡರ ಮೂಲವೂ ತೆರೆದೇ ಇದೆ, ಯಾರ ಕಾಲು ಹಿಡಿಯಬೇಕಾಗಿಲ್ಲ. ಬರೆಯಬಲ್ಲವರು ಬರೆಯಿರಿ. ಪದಗಳಿಗೆ ತಡವರಿಸಿದರೆ ನನ್ನನ್ನು ಕೇಳಿ, 'ಕ್ಯೂ'ಗೆ ಸರದಿ ಅನ್ನಬೇಕೋ ಪಾಳಿ ಅನ್ನಬೇಕೋ ಪ್ರೆಸ್ಸಿನವನಿಗೆ ಗೊತ್ತಿರುತ್ತದೆ.

ಮೇಷ್ಟ್ರ ಪುಸ್ತಕದ ಕೊನೆಯ ಫಾರಂ ಬಟರ್ ಶೀಟಿಗೆ ಇಳಿದಿದೆ, ಅದೇ ಸತ್ತ ಪ್ರಿಂಟರಿನಿಂದ. ಎಡಗಡೆ ಸ್ವಲ್ಪ ಮಸುಕು ಬಂತು. ಟೋನರ್ ತುಂಬಿಸಲು ನಾಳೆ ಸಿಂಧನೂರಿಗೆ ಹೋಗಬೇಕು.